ಕ್ರಯೋಜೆನಿಕ್ ಎಂಜಿನ್‌ಗೆ ಅಷ್ಟು ವರ್ಷ ಏಕೆ ಬೇಕಾಯಿತು?

ಪ್ರಶ್ನೆ – ವಿಜ್ಞಾನ ಶಿಕ್ಷಕಿ, ಮಂಡ್ಯ
ಇಂದು ಪ್ರನಾಳದಲ್ಲಿ ಹೈಡ್ರೋಜನ್ ಹಿಡಿದು ಬೆಂಕಿಕಡ್ಡಿ ತೋರಿಸಿದೆ. ‘ಟಪ್’ ಎಂದಿತು. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಇಷ್ಟು ಸುಲಭವಾಗಿ ಉರಿಯುವುದಕ್ಕೆ ಎಂಜಿನ್ ಮಾಡಲು ಇಸ್ರೋಗೆ ಅಷ್ಟು ವರ್ಷ ಏಕೆ ಮಿಸ್?” ನಾಳೆಯೇ ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಉತ್ತರ – ನಿವೃತ್ತ ಎಂಜಿನಿಯರ್, ಮೈಸೂರು
ಮೇಡಂ, ಕ್ರಯೋಜೆನಿಕ್ ಎಂಜಿನ್ ಎಂದರೆ ಅತಿ ತಣ್ಣಗೆ ದ್ರವವಾಗಿಸಿದ ಹೈಡ್ರೋಜನ್ ಅನ್ನು ದ್ರವ ಆಮ್ಲಜನಕದೊಂದಿಗೆ ಉರಿಸುವ ರಾಕೆಟ್ ಎಂಜಿನ್. ಉರಿಸುವುದಕ್ಕಿಂತ ತಣ್ಣಗಿಡುವುದು ಕಷ್ಟ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿ, ಹೈಡ್ರೋಜನ್ ಮೈನಸ್ 253. ಒಂದು ಲೀಟರ್ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಡಿ. ಅಷ್ಟೇ ದ್ರವ ಹೈಡ್ರೋಜನ್ ತೂಗುವುದು ಸುಮಾರು 71 ಗ್ರಾಂ. ಅದಕ್ಕೇ ಅಷ್ಟು ದೊಡ್ಡ ಟ್ಯಾಂಕ್, ಅಷ್ಟು ವೇಗದ ಪಂಪ್.

ಉತ್ತರ – ಓದುಗ, ಮದ್ದೂರು
2010ರ ಏಪ್ರಿಲ್‌ನಲ್ಲಿ ಇಂಧನದ ಬೂಸ್ಟರ್ ಪಂಪ್ ನಿಂತು, ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಇಸ್ರೋದ ಜಿಎಸ್‌ಎಲ್‌ವಿ ರಾಕೆಟ್ ಸೋತಿತು. ಗೆದ್ದದ್ದು 2014ರ ಜನವರಿ 5ರಂದು. ಆ ಸಂಜೆ ನಾನು ಅತ್ತಿದ್ದೆ.

ಶಿಕ್ಷಕಿ
ಬಾಟಲಿ ತುಂಬಿಟ್ಟಿದ್ದೇನೆ ಸರ್. ಧನ್ಯವಾದಗಳು.