ಫೈಬರ್ ಹಾಕಿದ ಮೇಲೆ ಬಿಲ್ಲು ಮಂದ, ಲಿಂಬ್ ಮೇಲೆ ಬಿಳಿ ಮಚ್ಚೆ: ಯಾವ ಗ್ಲಾಸ್ ಹಾಕಬೇಕು?

ತುಮಕೂರು ಹೆದೆ:

ಎಲ್ಲರಿಗೂ ನಮಸ್ಕಾರ. ಒಳಗೆ ಬಿದಿರಿನ ಪಟ್ಟಿ ಇಟ್ಟು ಒಂದು ಲಾಂಗ್‌ಬೋ (ಉದ್ದನೆಯ ನೇರ ಬಿಲ್ಲು) ಮಾಡಿದ್ದೇನೆ. ಉದ್ದ 66 ಇಂಚು. ಲಿಂಬ್ (ಹಿಡಿಯಿಂದ ತುದಿವರೆಗಿನ ಬಾಗುವ ತೋಳು) ನಡುಭಾಗದಲ್ಲಿ ದಪ್ಪ 9 ಮಿ.ಮೀ. ಅದರಲ್ಲಿ ಎರಡೂ ಮುಖಕ್ಕೆ ಒಂದೊಂದು ಮಿ.ಮೀ. ಫೈಬರ್ ಗ್ಲಾಸ್. ಇದೇ ಅಳತೆಯಲ್ಲಿ ಒಬ್ಬರು ಮಾಡಿದ ಬಿಲ್ಲು 28 ಇಂಚು ಎಳೆದರೆ 40 ಪೌಂಡ್ ತೂಗುತ್ತದೆ. ನನ್ನದು ಸ್ಕೇಲ್‌ಗೆ ಹಾಕಿದರೆ 15ರ ಹತ್ತಿರ ನಿಲ್ಲುತ್ತಿದೆ!

ಗ್ಲಾಸ್ ಇಲ್ಲೇ ಒಂದು ಫೈಬರ್ ಶೆಡ್‌ನಿಂದ ತಂದೆ. ನೀರಿನ ತೊಟ್ಟಿ, ಗಾಡಿ ಬಾಡಿ ಎಲ್ಲ ಮಾಡ್ತಾರೆ. ಮ್ಯಾಟ್ (ಗಾಜಿನ ಎಳೆಯ ಹಾಸು), ರೆಸಿನ್ (ಅದನ್ನು ನೆನೆಸುವ ಅಂಟು ದ್ರವ), ಹಾರ್ಡನರ್ (ರೆಸಿನ್ ಗಟ್ಟಿ ಮಾಡುವುದು) ಎಲ್ಲ ಅವರದೇ. ಬಾಣ ಬಿಟ್ಟಾಗ ಹಿಡಿ ಕೈಯಲ್ಲಿ ಜೋರಾಗಿ ಅದುರುತ್ತದೆ. ಎಳೆಯುವವರ ಎದೆ ಕಡೆಯ ಮುಖದಲ್ಲಿ, ಲಿಂಬ್ ಜಾಸ್ತಿ ಬಾಗುವ ಜಾಗದಲ್ಲಿ, ಬಿಳಿ ಮಚ್ಚೆ ಶುರುವಾಗಿದೆ. ಗುರಿ ಕಡೆಯ ಮುಖದಲ್ಲಿ ಬಿದಿರಿನ ಗೆರೆ ಕಾಣಲಿ ಅಂತ ಆಸೆ ಇತ್ತು, ಮಂಜು ಕವಿದ ಹಾಗೆ ಕಾಣುತ್ತಿದೆ.

ಮೇಲೆ ಇನ್ನೊಂದು ಪದರ ಮ್ಯಾಟ್ ಹಾಕಿದರೆ ಪೌಂಡ್ ಏರುತ್ತಾ? ಬಿಳಿ ಮಚ್ಚೆ ಮೇಲೆ ಕಪ್ಪು ಪೇಂಟ್ ಹೊಡೆದರೆ ಸಾಕಾ?

ಗೌರಿಬಿದನೂರು ಬತ್ತಳಿಕೆ:

ಸರ್, ಎರಡೂ ಬೇಡ. ಇನ್ನೊಂದು ಪದರ ಹಾಕಿದರೆ ಲಿಂಬ್ ಇನ್ನಷ್ಟು ಭಾರ ಆಗುತ್ತದೆ, ಮಚ್ಚೆಯೂ ಜಾಸ್ತಿ ಆಗುತ್ತದೆ. ಮೊದಲು ಹೆದೆ ಬಿಚ್ಚಿಡಿ. ಆ ಬಿಲ್ಲನ್ನು ಇನ್ನು ಪೂರ್ತಿ ಎಳೆಯಬೇಡಿ.

ಶೆಡ್‌ನವರ ತಪ್ಪೇನೂ ಇಲ್ಲ. ತೊಟ್ಟಿಗೆ ಅದು ಒಳ್ಳೆಯ ಸಾಮಾನೇ. ತೊಟ್ಟಿಯ ಗೋಡೆಗೆ ಎಲ್ಲ ದಿಕ್ಕಿನಿಂದಲೂ ಒತ್ತಡ ಬೀಳುತ್ತದೆ. ಅದಕ್ಕೇ ಆ ಮ್ಯಾಟ್‌ನಲ್ಲಿ ಗಾಜಿನ ಎಳೆಯನ್ನು ತುಂಡು ಮಾಡಿ ದಿಕ್ಕಾಪಾಲಾಗಿ ಹರಡಿರುತ್ತಾರೆ. ಬಿಲ್ಲಿನ ಲಿಂಬ್ ಬಾಗುವುದು ಉದ್ದಕ್ಕೆ ಮಾತ್ರ. ಅಲ್ಲಿ ಉದ್ದಕ್ಕೆ ಮಲಗಿದ ಎಳೆ ಮಾತ್ರ ದುಡಿಯುತ್ತದೆ. ಅಡ್ಡ ಬಿದ್ದಿರೋದು ಸುಮ್ನೆ ತೂಕ.

ಅಂಕಿಯಲ್ಲಿ ನೋಡಿ. ಬಿಲ್ಲಿಗೆ ಅಂತಲೇ ಮಾಡುವ ಗ್ಲಾಸ್‌ನಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ, ಎಪಾಕ್ಸಿ ಅನ್ನೋ ರೆಸಿನ್‌ನಲ್ಲಿ ಒತ್ತಾಗಿ ಕೂತಿರುತ್ತವೆ. ಅದರ ಗಡಸು ಸುಮಾರು 40 ಗಿಗಾಪಾಸ್ಕಲ್ (ಗಡಸು ಅಳೆಯುವ ಮಾನ). ಮ್ಯಾಟ್ ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿಸಿ ಕೈಯಲ್ಲಿ ಬಳಿದರೆ ಏಳೆಂಟು. ಬಿದಿರೇ 12 ಅಥವಾ ಅದಕ್ಕಿಂತ ಮೇಲಿರುತ್ತದೆ. ಅಂದ್ರೆ ಆ ಎರಡು ಮಿ.ಮೀ. ಜಾಗದಲ್ಲಿ ಬಿದಿರನ್ನೇ ಬಿಟ್ಟಿದ್ದರೂ ಬಿಲ್ಲು ಇದಕ್ಕಿಂತ ಗಡಸಾಗಿರುತ್ತಿತ್ತು. ನಿಮ್ಮ 9 ಮಿ.ಮೀ. ಲಿಂಬ್ ಲೆಕ್ಕ ಹಾಕಿದೆ. 40 ಪೌಂಡ್ ಬರಬೇಕಾದ ಕಡೆ ಹದಿನಾಲ್ಕು ಹದಿನೈದೇ ಬರುತ್ತದೆ. ನಿಮ್ಮ ಸ್ಕೇಲ್ ಸರಿಯಾಗೇ ಇದೆ.

ಕೈ ಅದುರುವುದು ಯಾಕೆ ಅಂದ್ರೆ, ಲಿಂಬ್ ತೂಕ 40 ಪೌಂಡ್ ಬಿಲ್ಲಿನದು, ಶಕ್ತಿ 15ರದು. ಎಳೆದಾಗ ಕೂಡಿದ ಶಕ್ತಿಯಲ್ಲಿ ಜಾಸ್ತಿ ಪಾಲು ಲಿಂಬ್ ತನ್ನನ್ನು ತಾನೇ ಮುಂದಕ್ಕೆ ಎಳೆದುಕೊಳ್ಳುವುದಕ್ಕೇ ಹೋಗುತ್ತದೆ. ಬಾಣಕ್ಕೆ ಸಿಗುವುದು ಉಳಿದಿದ್ದು. ಬಾಣ ಹೋದ ಮೇಲೆ ಲಿಂಬ್‌ನಲ್ಲಿ ಉಳಿದ ಓಟ ನಿಮ್ಮ ಅಂಗೈಗೆ ಬಂದು ಹೊಡೆಯುತ್ತದೆ.

ಬಿಳಿ ಮಚ್ಚೆ ಬಗ್ಗೆ. 15 ಪೌಂಡ್ ಬಿಲ್ಲು ಯಾಕೆ ಬಿರುಕು ಬಿಡಬೇಕು ಅಂತ ಅನ್ನಿಸಬಹುದು. ಮೇಲ್ಮೈ ಎಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ ಅನ್ನೋದನ್ನು ಪೌಂಡ್ ನಿರ್ಧರಿಸೋದಿಲ್ಲ. ಲಿಂಬ್ ಎಷ್ಟು ದಪ್ಪ, ಎಷ್ಟು ಬಾಗಿತು ಅನ್ನೋದು ನಿರ್ಧರಿಸುತ್ತದೆ. ನಿಮ್ಮ ಲಿಂಬ್ 40 ಪೌಂಡ್ ಬಿಲ್ಲಿನಷ್ಟೇ ಬಾಗುತ್ತಿದೆ. ಆ ಹಿಗ್ಗು-ಕುಗ್ಗನ್ನು ಮ್ಯಾಟ್ ಮತ್ತು ಪಾಲಿಯೆಸ್ಟರ್ ತಾಳಿಕೊಳ್ಳೋದಿಲ್ಲ. ಒಳಗೆ ಸಣ್ಣ ಬಿರುಕು ಬಿಡುತ್ತದೆ, ಬಿರುಕಿಗೆ ಗಾಳಿ ಸೇರುತ್ತದೆ, ಬೆಳಕು ಅಲ್ಲಿ ಚದುರಿ ಬಿಳಿ ಕಾಣುತ್ತದೆ. ಪೇಂಟ್ ಹೊಡೆದರೆ ಬಿರುಕು ಎಲ್ಲಿಗೆ ಬಂತು ಅಂತ ನೋಡೋದಕ್ಕೂ ಆಗಲ್ಲ. ಅದು ಅಪಾಯ.

ಅನುಮಾನ ಇದ್ದರೆ ಕತ್ತರಿಸಿ ಉಳಿದ ಒಂದು ಚೂರನ್ನು ಬಯಲಲ್ಲಿ ಸುಟ್ಟು ನೋಡಿ. ಇಕ್ಕಳದಲ್ಲಿ ಹಿಡಿಯಿರಿ, ಹೊಗೆ ಕುಡಿಯಬೇಡಿ. ರೆಸಿನ್ ಉರಿದು ಹೋಗಿ ಗಾಜಿನ ಎಳೆ ಮಾತ್ರ ಉಳಿಯುತ್ತದೆ.

ತುಮಕೂರು ಹೆದೆ:

ಸುಟ್ಟು ನೋಡಿದೆ ಸರ್. ಮಸಿ ಉದುರಿದ ಮೇಲೆ ಬೆರಳುದ್ದದ ಎಳೆಗಳು ಹಕ್ಕಿ ಗೂಡಿನ ಹಾಗೆ ಅಡ್ಡಾದಿಡ್ಡಿ ಉಳಿದಿವೆ. ಉದ್ದಕ್ಕೆ ಓಡುವ ಎಳೆ ಒಂದೂ ಇಲ್ಲ. ಮುಟ್ಟಿದರೆ ಬಿಡಿಬಿಡಿಯಾಗಿ ಬೀಳುತ್ತಿದೆ.

ಹಾಗಾದರೆ ಇದೇ ಮ್ಯಾಟ್‌ಗೆ ಎಪಾಕ್ಸಿ ಹಾಕಿದರೆ? ಅಥವಾ ನೇಯ್ದ ಗ್ಲಾಸ್ ಬಟ್ಟೆ?

ಗೌರಿಬಿದನೂರು ಬತ್ತಳಿಕೆ:

ಈ ಥರದ ಮ್ಯಾಟ್‌ಗೆ ಎಪಾಕ್ಸಿ ಸಾಮಾನ್ಯವಾಗಿ ಕೂಡೋದಿಲ್ಲ. ತುಂಡು ಎಳೆಗಳು ಚದುರದ ಹಾಗೆ ಮ್ಯಾಟ್‌ನಲ್ಲಿ ಒಂದು ಅಂಟು ಇರುತ್ತದೆ. ಅದು ಕರಗೋದು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನೋ ದ್ರವಕ್ಕೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅಂಟು ಹಾಗೇ ಉಳಿದು ಎಳೆ ಸರಿಯಾಗಿ ನೆನೆಯೋದಿಲ್ಲ, ಇನ್ನೂ ಬಿಳಿ ಕಾಣುತ್ತದೆ.

ನೇಯ್ದ ಬಟ್ಟೆ ಪರವಾಗಿಲ್ಲ, ಆದರೆ ಅದರಲ್ಲೂ ಅರ್ಧ ಎಳೆ ಅಡ್ಡ. ಉಳಿದರ್ಧವೂ ನೇಯ್ಗೆಯಲ್ಲಿ ಮೇಲೆ ಕೆಳಗೆ ಹತ್ತಿ ಇಳಿಯುತ್ತದೆ, ನೇರ ಇರೋದಿಲ್ಲ. ನೀವು ಕೇಳಬೇಕಾದದ್ದು ಯೂನಿಡೈರೆಕ್ಷನಲ್ ಇ-ಗ್ಲಾಸ್, ಅಂದರೆ ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ಗ್ಲಾಸ್. ಬಿಲ್ಲಿಗೆಂದೇ ಬರುವ ಸಿದ್ಧ ಪಟ್ಟಿ ಸಿಕ್ಕರೆ ಅದೇ ಉತ್ತಮ. ಅಮೆರಿಕದಲ್ಲಿ 1950ರ ದಶಕದಿಂದ ಕಾರ್ಖಾನೆ ಬಿಲ್ಲುಗಳೆಲ್ಲ ಈ ದಾರಿಗೇ ಬಂದವು. ದಪ್ಪ 0.030, 0.040, 0.050 ಇಂಚು ಹೀಗೆ ಬರುತ್ತದೆ. ಒಂದು ಮುಖ ಅಂಟಿಗಾಗಿ ಉಜ್ಜಿ ಒರಟಾಗಿರುತ್ತದೆ. ಕೈಗೆ ಬಂದ ತಕ್ಷಣ ತುದಿಯಲ್ಲಿ ಚಾಕು ಒತ್ತಿ ನೋಡಿ, ಉದ್ದಕ್ಕೆ ಸಲೀಸಾಗಿ ಸೀಳಬೇಕು. ಒಂದೇ ದಿಕ್ಕಿನ ಎಳೆಯ ಬಟ್ಟೆ ತಂದು ನೀವೇ ಪಟ್ಟಿ ಮಾಡುವುದಾದರೆ ಎಲ್‌ವೈ 556 ಎಪಾಕ್ಸಿಗೆ ಎಚ್‌ವೈ 951 ಹಾರ್ಡನರ್ ನಮ್ಮಲ್ಲಿ ಹೆಚ್ಚು ಬಳಕೆ. ತೂಕದಲ್ಲಿ 100ಕ್ಕೆ 10. ಕಣ್ಣಂದಾಜು ಬೇಡ, ತಕ್ಕಡಿ ಇರಲಿ.

ಶಿಡ್ಲಘಟ್ಟ ರೇಷ್ಮೆ:

ನಡುವೆ ಬಾಯಿ ಹಾಕ್ತಿದ್ದೇನೆ ಸರ್. 0.030 ಹಾಕಿದರೆ ಬಿಲ್ಲು ವೇಗ ಅಂತಾರೆ. 0.040 ಗಟ್ಟಿ ಅಂತಾರೆ. ನಿಜವಾಗಿ ಎಷ್ಟು ವ್ಯತ್ಯಾಸ?

ಗೌರಿಬಿದನೂರು ಬತ್ತಳಿಕೆ:

ಮೇಡಂ, ವ್ಯತ್ಯಾಸ ಇದೆ, ಆದರೆ ಜನ ಹೇಳುವಷ್ಟಿಲ್ಲ. ಅದೇ 9 ಮಿ.ಮೀ. ಲಿಂಬ್ ತಗೊಳ್ಳಿ. ಎರಡೂ ಕಡೆ ಒಂದು ಮಿ.ಮೀ. ಗ್ಲಾಸ್ ಅಂದರೆ ದಪ್ಪದ ಐದನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಲಿಂಬ್‌ನ ಗಡಸಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಅದರದೇ. ಯಾಕೆಂದರೆ ಅದು ಹೊರಗಿದೆ. ನಡುವಿನಿಂದ ದೂರ ಹೋದಷ್ಟೂ ಕೆಲಸ ಜಾಸ್ತಿ. ಒಳಗಿನ ಬಿದಿರಿನ ಕೆಲಸ ಮುಖ್ಯವಾಗಿ ಆ ಎರಡು ಗ್ಲಾಸ್ ಪಟ್ಟಿಗಳನ್ನು ದೂರ ಇಡುವುದು.

ಗ್ಲಾಸ್ ಅನ್ನು ಮುಕ್ಕಾಲು ಮಿ.ಮೀ.ಗೆ ಇಳಿಸಿದರೆ, ಅಂದರೆ 0.030, ಅದೇ ಪೌಂಡ್ ಬರಲು ಒಟ್ಟು ದಪ್ಪ 9.4ರ ಹತ್ತಿರ ಬೇಕು. ಗ್ಲಾಸ್ ಬಿದಿರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಒಟ್ಟು ಲಿಂಬ್ ನೂರಕ್ಕೆ ನಾಲ್ಕರಷ್ಟು ಹಗುರ ಆಗುತ್ತದೆ. ಅಷ್ಟೇ ಲಾಭ. ಅದಕ್ಕಿಂತ ಲಿಂಬ್ ತುದಿಯನ್ನು ಕಿರಿದು ಮಾಡಿದರೆ ಜಾಸ್ತಿ ಸಿಗುತ್ತದೆ. ತುದಿಯೇ ಎಲ್ಲಕ್ಕಿಂತ ಜೋರಾಗಿ ಓಡೋದು. ಅಲ್ಲಿ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ.

ನನ್ನ ಅಭಿಪ್ರಾಯ, 45 ಪೌಂಡ್ ಒಳಗಿನ ಬಿಲ್ಲಿಗೆ 0.030 ಚೆನ್ನ. ಆದರೆ ತಯಾರಾದ ಮೇಲೆ ಉಜ್ಜಿ ಪೌಂಡ್ ಇಳಿಸುವ ಅಭ್ಯಾಸ ಇದ್ದರೆ 0.040 ಇರಲಿ, ಉಜ್ಜುವುದಕ್ಕೆ ಗ್ಲಾಸ್ ಉಳಿದಿರುತ್ತದೆ. ಇನ್ನೊಂದು ಮಾತು. ಒಂದೇ ದಿಕ್ಕಿನ ಗ್ಲಾಸ್ ತಿರುಚುವುದನ್ನು ಅಷ್ಟಾಗಿ ತಡೆಯೋದಿಲ್ಲ. ಲಾಂಗ್‌ಬೋಗೆ ಅದು ತೊಂದರೆ ಅಲ್ಲ. ಕಿರಿದಾದ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಲಿಂಬ್ ಆದರೆ 45 ಡಿಗ್ರಿಯಲ್ಲಿ ಎಳೆ ಇರುವ ತೆಳು ಪದರ ಒಂದು ಒಳಗೆ ಬೇಕು.

ತುಮಕೂರು ಹೆದೆ:

ಬಣ್ಣದ ವಿಷಯ ಹೇಳಿ ಸರ್. ಕ್ಲಿಯರ್ ಹಾಕಿ ಮರ ಕಾಣೋ ಹಾಗೆ ಮಾಡಬೇಕು ಅಂತಲೇ ನನ್ನ ಆಸೆ. ಕ್ಲಿಯರ್ ಗ್ಲಾಸ್ ಕಪ್ಪಿಗಿಂತ ದುರ್ಬಲವಾ?

ಗೌರಿಬಿದನೂರು ಬತ್ತಳಿಕೆ:

ಎಳೆ ಅದೇ, ಅಳತೆ ಅದೇ ಆದರೆ ಬಿಲ್ಲಿನ ಓಟದಲ್ಲಿ ಏನೂ ಗೊತ್ತಾಗಲ್ಲ. ಕಪ್ಪು, ಕಂದು ಅಂದರೆ ರೆಸಿನ್‌ಗೆ ಬಣ್ಣ ಸೇರಿಸಿರುತ್ತಾರೆ, ಅಷ್ಟೇ. ವ್ಯತ್ಯಾಸ ಇರೋದು ನಿಮ್ಮ ಕೆಲಸದಲ್ಲಿ. ಕ್ಲಿಯರ್ ಗ್ಲಾಸ್ ಕೆಳಗಿನದನ್ನೆಲ್ಲ ತೋರಿಸುತ್ತದೆ: ಗಾಳಿ ಗುಳ್ಳೆ, ಸ್ಯಾಂಡ್‌ಪೇಪರ್ ಗೀರು, ಬೆವರಿನ ಕೈ ಗುರುತು, ಎಲ್ಲ.

ಗಾಜು ಕಾಣದ ಹಾಗೆ ಆಗೋದು ಹೇಗೆ ಅಂತ ತಿಳಿದರೆ ಕೆಲಸ ಸುಲಭ. ಇ-ಗ್ಲಾಸ್ ಬೆಳಕನ್ನು ಬಗ್ಗಿಸುವ ಪ್ರಮಾಣ 1.55ರ ಆಸುಪಾಸು. ಎಪಾಕ್ಸಿಯದೂ ಅಲ್ಲೇ ಹತ್ತಿರ. ಎರಡೂ ಒಂದೇ ಥರ ಇರುವುದರಿಂದ ಎಳೆ ಕಣ್ಣಿಗೆ ಕಾಣಲ್ಲ. ನಡುವೆ ಚೂರು ಗಾಳಿ ಉಳಿದರೂ ಅಲ್ಲಿ ಬಿಳಿ. ಒರಟು ಮುಖ ಒಣಗಿದ್ದಾಗ ಹಾಲಿನ ಹಾಗೆ ಕಂಡರೆ ಗಾಬರಿ ಬೇಡ. ಅದರ ಮೇಲೆ ಎಪಾಕ್ಸಿ ಒಂದು ಹನಿ ಹಾಕಿ ಬೆರಳಲ್ಲಿ ಹರಡಿ, ಕೈಗವಸು ಇರಲಿ. ಹನಿ ಹೋದಲ್ಲೆಲ್ಲ ಬಿಳಿ ಮಾಯವಾಗಿ ಕೆಳಗಿನ ಗೆರೆ ಎದ್ದು ಬರುತ್ತದೆ. ಹನಿ ಹರಡಿದ ಮೇಲೂ ಬಿಳಿಯಾಗೇ ಉಳಿದ ಗೆರೆ ಇದ್ದರೆ ಅದು ಗ್ಲಾಸ್ ಒಳಗಿನ ದೋಷ. ಆ ಪಟ್ಟಿಯನ್ನು ಎದೆ ಕಡೆಗೆ ಹಾಕಿ, ಅಥವಾ ವಾಪಸ್ ಕೊಡಿ.

ವಿನೀರ್ (ಕ್ಲಿಯರ್ ಗ್ಲಾಸ್ ಕೆಳಗೆ ಹಾಕುವ ತೆಳು ಮರದ ಹಾಳೆ) ಅಂಟಿಸುವ ಮೊದಲು ಸ್ಪಿರಿಟ್‌ನಲ್ಲಿ ಒದ್ದೆ ಮಾಡಿ ಬೆಳಕಿಗೆ ಹಿಡಿಯಿರಿ. ಗ್ಲಾಸ್ ಕೆಳಗೆ ಮರ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ಬರುತ್ತದೆ. ಅಡ್ಡ ಗೀರು ಇದ್ದರೂ ಆಗಲೇ ಕಾಣುತ್ತದೆ. ಉದ್ದಕ್ಕೆ ಮಾತ್ರ ಉಜ್ಜಿ ತೆಗೆಯಿರಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಅಂಟು.

ಮೊದಲ ಬಿಲ್ಲಿಗೆ ನಾನು ಹೇಳೋದು ಒಂದೇ. ಗುರಿ ಕಡೆ ಕ್ಲಿಯರ್, ಎದೆ ಕಡೆ ಕಪ್ಪು. ನೋಡೋರ ಕಣ್ಣು ಬೀಳೋದು ಗುರಿ ಕಡೆಗೇ.

ಕೋಲಾರ ಮರಗೆಲಸ:

ಮರದ ಬಗ್ಗೆ ನಾನು ಹೇಳ್ತೀನಿ ಅಣ್ಣ. ಕ್ಲಿಯರ್ ಕೆಳಗೆ ಹಲಸು ಹಾಕಿ ನೋಡಿ. ಚಿನ್ನದ ಹಳದಿ. ಬೆಳಕು ಬಿದ್ದು ಬಿದ್ದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಅದೂ ಚೆನ್ನಾಗಿರುತ್ತೆ. ಸಿಲ್ವರ್ ಓಕ್ ಅನ್ನು ಕ್ವಾರ್ಟರ್ ಸೀಳಿಸಿದರೆ (ದಿಮ್ಮಿಯ ನಡುವಿನಿಂದ ಹೊರಕ್ಕೆ ಸೀಳೋದು) ಹೊಳೆಯೋ ಚುಕ್ಕಿ ಬರುತ್ತೆ, ಗ್ಲಾಸ್ ಕೆಳಗೆ ಅದರಷ್ಟು ಚಂದ ಯಾವುದೂ ಇಲ್ಲ. ತೇಗ, ಬೀಟೆ ಆದರೆ ಹುಷಾರು. ಅದರಲ್ಲಿ ಎಣ್ಣೆ ಇದೆ. ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಹಾಕಬೇಕು. ರಾತ್ರಿ ಬಿಟ್ಟು ಬೆಳಗ್ಗೆ ಹಾಕಿದರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತೆ.

ಒತ್ತಿ ಕಟ್ಟೋದಕ್ಕೆ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಸುತ್ತಿ. ನಾಲ್ಕು ಕ್ಲ್ಯಾಂಪ್ ಹಾಕಿದರೆ ಕ್ಲ್ಯಾಂಪ್ ಇರೋ ಕಡೆ ಮಾತ್ರ ಒತ್ತಡ. ಟ್ಯೂಬ್ ಎಲ್ಲ ಕಡೆ ಸಮ ಒತ್ತುತ್ತೆ. ಆದರೆ ಮಿತಿ ಮೀರಿ ಬಿಗಿದು ಅಂಟೆಲ್ಲ ಹೊರಗೆ ಹಿಂಡಬೇಡಿ.

ಶಿಡ್ಲಘಟ್ಟ ರೇಷ್ಮೆ:

ನಮ್ಮ ಕಡೆ ಬಿಸಿಲು ಗೊತ್ತಲ್ವಾ. ಕಪ್ಪು ಗ್ಲಾಸ್ ಕಾಯೋದಿಲ್ವಾ?

ಗೌರಿಬಿದನೂರು ಬತ್ತಳಿಕೆ:

ಕಾಯುತ್ತೆ ಮೇಡಂ. ಗ್ಲಾಸ್‌ಗೆ ಏನೂ ಆಗಲ್ಲ, ಅಂಟಿನದೇ ಚಿಂತೆ. ಬರೀ ಕೋಣೆಯ ಶಾಖದಲ್ಲಿ ಗಟ್ಟಿಯಾದ ಎಪಾಕ್ಸಿ ಬೇಗ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟರೆ 60 ಡಿಗ್ರಿ ದಾಟೋದು ಕಷ್ಟ ಏನಲ್ಲ. ಪದರ ಬಿಡುತ್ತದೆ, ಲಿಂಬ್ ತಿರುಚುತ್ತದೆ. ಅದಕ್ಕೇ ಅಂಟಿಸಿದ ಮೇಲೆ ಪ್ಲೈವುಡ್ ಪೆಟ್ಟಿಯಲ್ಲಿಟ್ಟು, ಹಳೇ ಕಾಲದ 100 ವ್ಯಾಟ್ ಬಲ್ಬ್ ಉರಿಸಿ, 70ರ ಆಸುಪಾಸಿಗೆ ನಿಧಾನವಾಗಿ ಏರಿಸಿ ಕೆಲವು ಗಂಟೆ ಬಿಡಿ. ತಗೊಂಡ ಎಪಾಕ್ಸಿಯ ಡಬ್ಬಿ ಮೇಲೆ ಎಷ್ಟು ಬರೆದಿದೆಯೋ ಅದನ್ನೇ ಅನುಸರಿಸಿ. ಪೆಟ್ಟಿಯೊಳಗೆ ಥರ್ಮಾಮೀಟರ್ ಇರಲೇಬೇಕು. ಪೆಟ್ಟಿ ಪೂರ್ತಿ ತಣ್ಣಗಾದ ಮೇಲೆ ಟ್ಯೂಬ್ ಬಿಚ್ಚಿ.

ತುಮಕೂರು ಹೆದೆ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಗುರಿ ಕಡೆ 0.030 ಕ್ಲಿಯರ್, ಕೆಳಗೆ ಹಲಸಿನ ವಿನೀರ್, ಎದೆ ಕಡೆ 0.030 ಕಪ್ಪು ಅಂತ ತೀರ್ಮಾನ. ಹಳೇ ಲಿಂಬ್‌ನಿಂದ ಮ್ಯಾಟ್ ಉಜ್ಜಿ ತೆಗೆದು ಬಿದಿರು ಉಳಿಸಿಕೊಳ್ಳಬಹುದಾ?

ಗೌರಿಬಿದನೂರು ಬತ್ತಳಿಕೆ:

ಬೇಡ ಸರ್. ಬಿದಿರಿನ ರಂಧ್ರದೊಳಗೆ ಪಾಲಿಯೆಸ್ಟರ್ ಇಳಿದಿರುತ್ತದೆ, ಉಜ್ಜಿದರೂ ಪೂರ್ತಿ ಹೋಗೋದಿಲ್ಲ. ಬಿದಿರು ಹೊಸದೇ ಹಾಕಿ. ಹೊಸ ಪಟ್ಟಿ ಅಂಚು ಉಜ್ಜುವಾಗ ನೀರು ಚಿಮುಕಿಸುತ್ತಾ ಉಜ್ಜಿ, ಎನ್95 ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ಮೈಮೇಲೆ ಬಿದ್ದ ಗಾಜಿನ ಪುಡಿಯನ್ನು ಕೈಯಲ್ಲಿ ಒರೆಸಬೇಡಿ, ತಣ್ಣೀರು ಸುರಿದು ತೊಳೆಯಿರಿ. ಅಂಚು ಚೂಪಾಗಿ ಉಳಿಯದಂತೆ ದುಂಡಗೆ ಮಾಡಿ. ಗ್ಲಾಸ್ ಸಿಬಿರು ಏಳೋದು ಅಲ್ಲಿಂದಲೇ.