ಸಹಾಯ ಬೇಕು: ಹಾಸ್ಟೆಲ್ ವಿದ್ಯಾರ್ಥಿಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಬಗ್ಗೆ

ನಮಸ್ಕಾರ. ಕಾಲೇಜಿನ ಚುನಾವಣಾ ಸಾಕ್ಷರತಾ ಕ್ಲಬ್‌ನಿಂದ ನೋಂದಣಿ ಶಿಬಿರ ನಡೆಸುತ್ತಿದ್ದೇವೆ. ಮನೆಯಿಂದ ಬರುವವರದು ಸಲೀಸು: ನಮೂನೆ 6 (ಹೊಸದಾಗಿ ಹೆಸರು ಸೇರಿಸುವ ಅರ್ಜಿ), ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಮುಗಿಯಿತು. 17 ತುಂಬಿದವರಿಂದಲೂ ಮುಂಗಡ ಅರ್ಜಿ ಪಡೆಯುತ್ತಿದ್ದೇವೆ. ತೊಡಕಿರುವುದು ಹಾಸ್ಟೆಲ್‌ನವರದು.

ಅವರು ಹುಟ್ಟೂರಲ್ಲಾಗಲಿ, ಹಾಸ್ಟೆಲ್ ವಿಳಾಸದಲ್ಲಾಗಲಿ ಸೇರಬಹುದು; ಎರಡೂ ಕಡೆ ಕೂಡದು. ಹಾಸ್ಟೆಲ್ ವಿಳಾಸಕ್ಕೆ ಪ್ರಾಂಶುಪಾಲರ ದೃಢೀಕರಣ ಪತ್ರ ಬೇಕು, ಕೋರ್ಸ್ ಕನಿಷ್ಠ 1 ವರ್ಷದ್ದಾಗಿರಬೇಕು. ಊರಲ್ಲಿ ಆಗಲೇ ಹೆಸರಿರುವವರು ಮತ್ತೆ ನಮೂನೆ 6 ತುಂಬುವುದೇ ದೊಡ್ಡ ತಲೆನೋವು. ಅವರಿಗೆ ಬೇಕಿರುವುದು ವಿಳಾಸ ಬದಲಾವಣೆಯ ನಮೂನೆ 8. ಇನ್ನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬಂದಾಗ ಹುಡುಗರು ರಜೆಗೆ ಹೋಗಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ದೃಢೀಕರಣ ಪತ್ರಗಳನ್ನು ಒಟ್ಟಿಗೆ ಸಹಿ ಮಾಡಿಸಿದವರು ಯಾರಾದರೂ ಇದ್ದರೆ ಕ್ರಮ ತಿಳಿಸಿ. ಬಿಎಲ್‌ಒ ಅವರನ್ನು ಒಂದು ದಿನ ಹಾಸ್ಟೆಲ್‌ಗೇ ಕರೆಸಲು ಯಾರಿಗೆ, ಎಷ್ಟು ದಿನ ಮುಂಚೆ ಪತ್ರ ಬರೆದಿರಿ? ಊರಲ್ಲೇ ಹೆಸರು ಉಳಿಸಿಕೊಂಡವರನ್ನು ಮತದಾನಕ್ಕೆ ಹೊರಡಿಸುವುದು ಹೇಗೆ? (ಭಾಷಣ ಬೇಡ, ಮರುದಿನ ಇಂಟರ್ನಲ್ಸ್ ಇದ್ದರೆ ಯಾರೂ ಬಸ್ ಹತ್ತುವುದಿಲ್ಲ.) ಪರೀಕ್ಷೆ ಮುಂದೂಡಲು ಕಾಲೇಜನ್ನು ಒಪ್ಪಿಸಿದ ಮನವಿಯ ಮಾದರಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.