ತೇಗಿನ ನಾಲ್ಕನೇ ಪ್ರತಿ

ಶನಿವಾರ ಮಧ್ಯಾಹ್ನ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಮಳೆ. ಮಳೆ ಅಂತ ಬೇರೆ ಹೇಳಬೇಕಾಗಿಲ್ಲ, ಶನಿವಾರ ಅಂದರೆ ಸಾಕು. ಸೀನನ ಮನೆಯಲ್ಲಿ ಈರುಳ್ಳಿ ಬಜ್ಜಿ ಕರಿಯುತ್ತಿದ್ದಾರೆ ಅಂತ ವಾಟ್ಸಾಪ್ ಬಂತು. ಹೊರಟೆ. ನಾನು ಹೋಗುವಷ್ಟರಲ್ಲಿ ಪಕ್ಕದ ಊರು ವಾಲ್ಸಾಲ್‌ನಿಂದ ಡಾಕ್ಟರು ಬಂದು ಸೋಫಾದ ಒಳ್ಳೆಯ ಮೂಲೆ ಹಿಡಿದಿದ್ದರು. ಧಾರವಾಡದವರು. ಈ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷವಾದರೂ ಬಜ್ಜಿಗೆ ‘ಭಜಿ’ ಅಂತಲೇ ಅನ್ನುತ್ತಾರೆ. ಸೀನನ ಅಮ್ಮ ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಕಿಟಕಿ ಪಕ್ಕ ಶಾಲು ಹೊದ್ದು ಹೂಬತ್ತಿ ಮಾಡುತ್ತಿದ್ದರು.

ಬಜ್ಜಿಗಿಂತ ಮೊದಲು ಕೊರಿಯರ್ ಬಂತು. ಚೌಕಾಕಾರದ ಚಪ್ಪಟೆ ರಟ್ಟಿನ ಡಬ್ಬ. ಸೀನ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಬಂದ.

“ಏನ್ರೀ ಅದು?” ಅಡುಗೆಮನೆಯಿಂದ ವನಜ.

“ಏನಿಲ್ಲ ಕಣೇ.”

“ಆ ಏನಿಲ್ಲ ಹನ್ನೆರಡು ಇಂಚು ಇದೆಯಾ?”

ಇತ್ತು. ಡಬ್ಬ ಬಿಚ್ಚಿದರೆ ಕೆಂಪು ಕವರ್. ‘ಸ್ಲೇಡ್ ಅಲೈವ್’. ಸ್ಲೇಡ್ ಅನ್ನೋ ರಾಕ್ ತಂಡದ 1972ರ ಎಲ್.ಪಿ. ಗ್ರಾಮಫೋನ್ ತಟ್ಟೆಯ ಹೊಸ ಅಚ್ಚು. ಮೇಲೊಂದು ಸ್ಟಿಕರ್: ಬಣ್ಣ ಚಿಮುಕಿಸಿದ ವಿಶೇಷ ಆವೃತ್ತಿ, ಸೀಮಿತ ಪ್ರತಿಗಳು.

“ಸೀನಪ್ಪಾ, ಇದು ನಿನ್ನ ಹತ್ರ ಇತ್ತಲ್ಲೋ?” ಅಂದರು ಡಾಕ್ಟರು.

“ಇದು ಇರಲಿಲ್ಲ ಡಾಕ್ಟ್ರೇ. ಅದು ಬೇರೆ.”

ಸೀನ ಕಪಾಟಿನ ಮುಂದೆ ನಿಂತು ದೇವರ ಪಟ ತೋರಿಸುವ ಹಾಗೆ ಒಂದೊಂದೇ ತೋರಿಸಿದ. ಮೊದಲನೆಯದು 1972ರ ಮೂಲ ಪ್ರತಿ, ಪಾಲಿಡಾರ್ ಲೇಬಲ್. ಚಾರಿಟಿ ಅಂಗಡಿಯಲ್ಲಿ ಸಿಕ್ಕಿದ್ದು, ಕವರ್ ಮೇಲೆ ಯಾರೋ ಟೀ ಕಪ್ ಇಟ್ಟ ಗುರುತಿದೆ. ಎರಡನೆಯದು ಅದೇ ಕಾಲದ ಜರ್ಮನ್ ಪ್ರತಿ. ಮೂರನೆಯದು ಈಚಿನ ಮರುಮುದ್ರಣ, ಕಪ್ಪು ಬಣ್ಣದ್ದು, ‘ಕೇಳೋಕೆ’. ಈಗ ಬಂದದ್ದು ನಾಲ್ಕನೆಯದು.

“ಇದು ಯಾತಕ್ಕ ಮತ್ತ?”

“ಇಡೋಕೆ.”

“ಹಾಡು ಬೇರೆ ಏನು?”

“ಅದೇ ಏಳು ಹಾಡು.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಬಜ್ಜಿ ತಟ್ಟೆ ನೋಡಿದೆ.

ಅಮ್ಮ ಹತ್ತಿ ಹಿಂಜುತ್ತಲೇ ಕೇಳಿದರು. “ಏನದು ಸ್ಲೇಟಾ? ಈ ವಯಸ್ಸಲ್ಲಿ ಸ್ಲೇಟ್ ಯಾಕೋ?”

“ಸ್ಲೇಟಲ್ಲಮ್ಮ, ಸ್ಲೇಡ್. ಈ ಊರಿನವರೇ. ನಾಲ್ಕು ಜನ. ನಾಡಿ ಹೋಲ್ಡರ್ ಅಂತ ಹಾಡೋನು, ಡೇವ್ ಹಿಲ್, ಜಿಮ್ ಲೀ, ಡ್ರಮ್ಮಿಗೆ ಡಾನ್ ಪವೆಲ್.”

“ನಾಡಿ ಹಿಡಿಯೋರು ಡಾಕ್ಟ್ರಲ್ವೇನೋ?”

“ಹೌದ್ರಿ ಅಮ್ಮಾರ,” ಡಾಕ್ಟರಿಗೆ ಖುಷಿಯೋ ಖುಷಿ. “ಖರೇ ನಾಡಿ ಹೋಲ್ಡರ್ ನಾನ. ಅಂವಾ ನಮ್ಮ ವಾಲ್ಸಾಲ್‌ದಾಂವ, ಬರೇ ಹಾಡಾಂವ. ನನ್ನ ಹತ್ರ ಬರೋ ಮುದುಕರೆಲ್ಲಾ ಅವನ ಕೂಡ ಸಾಲೀಗೆ ಹೋದವರ. ಅಷ್ಟು ಮಂದಿ ಒಂದ ಕ್ಲಾಸಿನಾಗ ಹ್ಯಾಂಗ ಹಿಡಿಸಿದ್ರೋ ದೇವರಿಗೇ ಗೊತ್ತು.”

ಸ್ಲೇಡ್‌ನವರದು ಗ್ಲಾಮ್ ರಾಕ್. ಹಾಗಂದರೆ ಏನು ಅಂತ ಅಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. 1971ರ ಸುಮಾರಿಗೆ ಲಂಡನ್ನಿನಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕೆನ್ನೆಗೆ ಮಿನುಗುಪುಡಿ ಹಚ್ಚಿಕೊಂಡು ಟಿ.ವಿ.ಯಲ್ಲಿ ಹಾಡಿದ. ಅಲ್ಲಿಂದ ಶುರುವಾಯಿತು. ಗಂಡಸರು ಜರಿ, ಮಿಂಚು, ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು ಗಿಟಾರ್ ಬಾರಿಸತೊಡಗಿದರು. ಹೋಲ್ಡರ್ ಟೋಪಿಯ ತುಂಬ ದುಂಡು ಕನ್ನಡಿ ಅಂಟಿಸಿಕೊಂಡ. ವೇದಿಕೆಯ ದೀಪ ಅದಕ್ಕೆ ಬಡಿದು ಸಭೆಯೆಲ್ಲ ಬೆಳಕಿನ ಚುಕ್ಕಿ. ಡೇವ್ ಹಿಲ್ ಹಾಕಿಕೊಳ್ಳದ ವೇಷವೇ ಇಲ್ಲ. ಒಂದು ವೇಷಕ್ಕೆ ‘ಲೋಹದ ಸನ್ಯಾಸಿನಿ’ ಅಂತಲೇ ಹೆಸರು ಬಿತ್ತು.

“ಬಯಲಾಟದವರು ಅನ್ನು,” ಅಂದರು ಅಮ್ಮ. ಮುಗಿಯಿತು. ನಾನು ಹತ್ತು ನಿಮಿಷ ಹೇಳಿದ್ದು ಅವರಿಗೆ ಒಂದು ಪದಕ್ಕೆ ಆಯಿತು.

ಸೀನನಿಗೆ ತನ್ನವರನ್ನು ಬಯಲಾಟಕ್ಕೆ ಸೇರಿಸಿದ್ದು ಹಿಡಿಸಲಿಲ್ಲ. ಸಾಧನೆ ಪಟ್ಟಿ ತೆಗೆದ. ಬ್ರಿಟನ್ನಿನಲ್ಲಿ ಆರು ಹಾಡು ಮೊದಲ ಸ್ಥಾನಕ್ಕೆ ಹೋಗಿವೆ. 1973 ಒಂದೇ ವರ್ಷದಲ್ಲಿ ಮೂರು ಹಾಡು ಬಿಡುಗಡೆಯಾದ ವಾರವೇ ನೇರ ನಂಬರ್ ಒನ್. ಅದಕ್ಕೆ ಮೊದಲು ಹಾಗೆ ನೇರವಾಗಿ ನುಗ್ಗಿದ್ದು 1969ರಲ್ಲಿ ಬೀಟಲ್ಸ್.

“ಅದೆಲ್ಲ ಸರಿ, ಅವರಿಗೆ ಸ್ಪೆಲಿಂಗ್ ಯಾಕೆ ಬರಲ್ಲ?” ಬಜ್ಜಿ ಎರಡನೇ ಸುತ್ತು ತಂದ ವನಜ ಕೇಳಿದಳು. ಅವಳು ಶಾಲೆಯಲ್ಲಿ ಟೀಚರ್. ಕಪಾಟಿನ ಸಿಂಗಲ್‌ಗಳ, ಅಂದರೆ ಒಂದು ಹಾಡಿಗಾಗಿ ತಂದ ಚಿಕ್ಕ ತಟ್ಟೆಗಳ, ಹೆಸರು ನೋಡಿದಾಗಲೆಲ್ಲ ಅವಳ ಬೆರಳು ಕೆಂಪು ಪೆನ್ನು ಹುಡುಕುತ್ತದೆ. ‘ಲವ್’ ಅನ್ನೋದಕ್ಕೆ ಎಲ್, ಯು, ವಿ. ‘ನಾಯ್ಸ್’ ಅನ್ನೋದಕ್ಕೆ ಎಸ್ ಜಾಗದಲ್ಲಿ ಝೆಡ್. ‘ಬ್ಯಾಕ್’ ಒಳಗಿನ ಸಿ ಕಾಣೆ. ‘ಹೋಮ್’ ಮುಂದಿನ ಎಚ್ ಕಾಣೆ. ಆ ಕಾಲದ ಮೇಷ್ಟರುಗಳೂ ಮಕ್ಕಳು ಕೆಡುತ್ತಾರೆ ಅಂತ ದೂರಿದ್ದರಂತೆ.

“ಬೇಕಂತ ಹಾಗೆ ಬರೆದಿದ್ದು ಕಣೇ. ಈ ಕಡೆ ಮಾತಾಡೋ ಥರ.”

ನನಗೊಂದು ಯೋಚನೆ ಬಂತು. ಅಮ್ಮನ ಹತ್ತಿ ಸುತ್ತಿದ್ದ ಕಾಗದದ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ: ಕಾಝ್ ಐ ಲವ್ ಯೂ. ಮಾಮಾ ವಿ ಆರ್ ಆಲ್ ಕ್ರೇಜಿ ನೌ. ಸ್ಕ್ವೀಝ್ ಮಿ ಪ್ಲೀಝ್ ಮಿ. ವನಜಳ ಮುಂದಿಟ್ಟೆ. “ತಪ್ಪು ಹುಡುಕು ನೋಡೋಣ.”

ಹುಡುಕಿದಳು. ಇರಲಿಲ್ಲ. ಮಾತಾಡಿದ ಹಾಗೆ ಬರೆಯೋದು ನಮ್ಮ ಲಿಪಿಗೆ ದಿನದ ಕೆಲಸ. ಇಂಗ್ಲೆಂಡಿನ ಶಾಲೆಗಳನ್ನೆಲ್ಲ ಕೆಣಕಿದ ತಂಡ ಕನ್ನಡದಲ್ಲಿ ಪೂರ್ತಿ ಅಂಕ ತೆಗೆದು ಪಾಸು. ಇಷ್ಟು ದಿನ ಯಾರೂ ಇದನ್ನು ಕಂಡುಹಿಡಿಯಲಿಲ್ಲವಲ್ಲ ಅಂತ ನನಗೆ ನನ್ನ ಮೇಲೇ ಗೌರವ ಬಂತು. ಸ್ವಲ್ಪ ಹೊತ್ತು ಮಾತ್ರ.

“ಇದೊಂದು ಬಿಟ್ಟು,” ವನಜ ಬೆರಳಿಟ್ಟಳು. ನಾನು ‘ಟೇಕ್ ಮಿ ಬ್ಯಾಕ್ ಓಮ್’ ಅಂತ ಬರೆದಿದ್ದೆ. “ಹೋಮ್ ಅನ್ನೋದನ್ನ ಓಮ್ ಅಂತ ಬರೆದಿದ್ದೀರ.”

“ಅವರೇ ‘ಹ’ ನುಂಗಿದ್ದು. ನಮ್ಮ ಕಡೆ ಹಾಲಿಗೆ ಆಲು, ಹಾಸನಕ್ಕೆ ಆಸನ ಅನ್ನಲ್ವಾ? ಹಾಗೆ.”

“ಓಮದ ಹಾಡೂ ಇದೆಯಾ?” ಅಂದರು ಅಮ್ಮ. ಅವರ ಕಿವಿ ಸ್ವಲ್ಪ ಮಂದ. ಯಾರೂ ತಿದ್ದಲಿಲ್ಲ.

ಡಾಕ್ಟರು ಮತ್ತೆ ಕಪಾಟಿಗೆ ಹೋಗಿ ಇನ್ನೊಂದು ಎಳೆದರು. 1974ರ ‘ಓಲ್ಡ್ ನ್ಯೂ ಬಾರೋಡ್ ಅಂಡ್ ಬ್ಲೂ’. ಮದುವೆಯಲ್ಲಿ ವಧುವಿನ ಹತ್ತಿರ ಹಳೆಯದು, ಹೊಸದು, ಎರವಲು ತಂದದ್ದು, ನೀಲಿಯದು ಒಂದೊಂದು ಇರಬೇಕು ಅನ್ನುವ ಇಲ್ಲಿನ ಮಾತು ಅದು. ಅಮೆರಿಕದಲ್ಲಿ ಇದೇ ಆಲ್ಬಮ್ಮಿಗೆ ಬೇರೆ ಹೆಸರಿಟ್ಟರು. ಕನ್ನಡದಲ್ಲಿ ಹೇಳುವುದಾದರೆ, ‘ಕೈ ಕುಟ್ಟಿ, ಕಾಲು ತಟ್ಟಿ’.

“ಉಲ್ಟಾ ಆತಲ್ಲೋ?”

“ಉಲ್ಟಾನೇ ಡಾಕ್ಟ್ರೇ. ಅದೂ ಹುಡುಕ್ತಾ ಇದೀನಿ,” ಅಂದ ಸೀನ. ಅಡುಗೆಮನೆಯಲ್ಲಿ ಜಾಲರಿ ಸೌಟು ಬಾಣಲೆಗೆ ಜೋರಾಗಿ ಬಡಿದ ಸದ್ದಾಯಿತು.

ಆಗ ಅಮೆರಿಕದವರಿಗೆ ಸ್ಲೇಡ್ ಹಿಡಿಸಲೇ ಇಲ್ಲ. ಹತ್ತು ವರ್ಷ ಬಿಟ್ಟು, 1983ರಲ್ಲಿ, ಕ್ವಾಯಟ್ ರಯಟ್ ಅನ್ನೋ ಲಾಸ್ ಏಂಜಲೀಸ್ ತಂಡ ಇವರದೇ ಹಾಡು ಹಾಡಿ ಅಲ್ಲಿ ಐದನೇ ಸ್ಥಾನಕ್ಕೆ ಹೋಯಿತು. ಸಾರು ಮಾಡಿದವರು ಒಬ್ಬರು, ಬಡಿಸಿ ಹೆಸರು ತಗೊಂಡವರು ಇನ್ನೊಬ್ಬರು. ಇವರ ‘ಮೆರಿ ಕ್ರಿಸ್‌ಮಸ್ ಎವರಿಬಡಿ’ ಮಾತ್ರ ಡಿಸೆಂಬರ್ ಬಂದರೆ ಇಲ್ಲಿನ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ತಪ್ಪಿಸಿಕೊಳ್ಳಲಾಗದು. ಅದನ್ನು ರೆಕಾರ್ಡ್ ಮಾಡಿದ್ದು 1973ರ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಸೆಕೆಯಲ್ಲಿ. ಅದೇ ಜುಲೈನಲ್ಲಿ ಡಾನ್ ಪವೆಲ್ ಇದೇ ಊರಿನಲ್ಲಿ ಕಾರು ಅಪಘಾತದಲ್ಲಿ ಸಾಯುವುದರಲ್ಲಿದ್ದ. ಜೊತೆಗಿದ್ದ ಗೆಳತಿ ಉಳಿಯಲಿಲ್ಲ. ಅವನ ನೆನಪಿನ ಶಕ್ತಿ ಹೋಗಿತ್ತು. ವಾಸನೆ, ರುಚಿಯೂ ಹೋಗಿತ್ತು. ಅಂಥವನು ಕೆಲವು ವಾರಕ್ಕೇ ಡ್ರಮ್ಮಿನ ಮುಂದೆ ಕೂತ. ಈ ಮಾತು ಬಂದಾಗ ಸೀನ ನಗುವುದಿಲ್ಲ, ನಾವೂ ನಗಲಿಲ್ಲ.

“ಬಜ್ಜಿ ಆರುತ್ತೆ,” ಅಂದರು ಅಮ್ಮ.

ಮತ್ತೆ ಹೊಸ ಎಲ್.ಪಿ.ಗೆ ಬಂದೆವು. ಅದನ್ನು ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು.

“ಬಿಚ್ಚೋ, ಬಣ್ಣ ನೋಡೋಣ,” ಅಂದೆ.

“ಬಿಚ್ಚಿದ್ರೆ ಬೆಲೆ ಹೋಗುತ್ತೆ ಕಣೋ.”

“ಮತ್ತೆ ಬಣ್ಣಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟೆಯಲ್ಲ?”

“ಒಳಗಿದೆ ಅನ್ನೋದು ಗೊತ್ತಲ್ಲ. ಸಾಕು.”

ಇದು ಗರ್ಭಗುಡಿಯ ನ್ಯಾಯ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ಮೂರು ವರ್ಷ ತೆಗೆಯದ ಜನ ನಾವು, ಇವನನ್ನು ಯಾವ ಬಾಯಲ್ಲಿ ಬೈಯೋದು? ವನಜಳಿಗೆ ಬಾಯಿತ್ತು. ಸೀನ ಅವಳ ರೇಷ್ಮೆ ಸೀರೆಗಳ ಲೆಕ್ಕ ತೆಗೆದ. ಅವಳು, “ನನ್ನ ಸೀರೆ ವರ್ಷಕ್ಕೆ ಎರಡು ಮದುವೆ ನೋಡುತ್ತೆ. ನಿಮ್ಮದು ಬರೀ ಕಪಾಟು ನೋಡುತ್ತೆ,” ಅಂದಳು. ಸ್ಕೋರು ಅವಳದೇ.

“ಇಂವಾ ಒಬ್ಬನ ಅಲ್ಲ ಬಿಡವಾ,” ಡಾಕ್ಟರು ಸಮಾಧಾನ ಮಾಡಿದರು. 2022ರಲ್ಲಿ ಅಮೆರಿಕದಲ್ಲಿ ಎಲ್.ಪಿ.ಗಳು ಸಿ.ಡಿ.ಗಳಿಗಿಂತ ಜಾಸ್ತಿ ಮಾರಾಟವಾದವು, 1987ರ ನಂತರ ಅದೇ ಮೊದಲು. ಅಲ್ಲಿ ಎಲ್.ಪಿ. ಕೊಂಡವರನ್ನು ಕೇಳಿ ನೋಡಿದರೆ ಅರ್ಧದಷ್ಟು ಜನರ ಮನೆಯಲ್ಲಿ ಅದನ್ನು ಹಾಕುವ ಪ್ಲೇಯರೇ ಇಲ್ಲ!

“ಒಲೆ ಇಲ್ಲದೆ ಕುಕ್ಕರ್ ತಂದ ಹಾಗೆ,” ಅಂದಳು ವನಜ.

ಈ ಬಣ್ಣ ಹೇಗೆ ಬರುತ್ತದೆ ಅನ್ನೋದನ್ನು ಸೀನ ಚೆನ್ನಾಗಿ ಹೇಳಿದ. ಹಪ್ಪಳ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಬಿಸಿ ಪ್ಲಾಸ್ಟಿಕ್ಕನ್ನು ಉಂಡೆ ಮಾಡುತ್ತಾರೆ. ಅದಕ್ಕೆ ಕಾರ್ಖಾನೆಯಲ್ಲಿ ಬಿಸ್ಕೆಟ್ ಅಂತ ಹೆಸರು. ಮೇಲೊಂದು ಕೆಳಗೊಂದು ಲೇಬಲ್ ಇಟ್ಟು ಎರಡು ಲೋಹದ ಅಚ್ಚಿನ ನಡುವೆ ಒತ್ತುತ್ತಾರೆ. ಲೇಬಲ್ಲಿಗೆ ಗೋಂದು ಬೇಡ, ಬಿಸಿಗೇ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಉಕ್ಕಿದ್ದನ್ನು ಕರ್ಜಿಕಾಯಿ ಅಂಚು ಕತ್ತರಿಸಿದ ಹಾಗೆ ಕತ್ತರಿಸುತ್ತಾರೆ. ಚಿಮುಕಿಸಿದ ಬಣ್ಣ ಬೇಕಾದರೆ, ಒತ್ತುವ ಮೊದಲು ಉಂಡೆಯ ಮೇಲೆ ಬೇರೆ ಬಣ್ಣದ ಕಾಳು ಉದುರಿಸುವುದು, ಎಳ್ಳು ಉದುರಿಸಿದ ಹಾಗೆ. ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ಅದಕ್ಕೇ ಸೀನನಂಥವರಿಗೆ ಹುಚ್ಚು.

“ತೂಕಾನೂ ಮುಖ್ಯ,” ಅಂದ. “ಮಾಮೂಲಿ ಎಲ್.ಪಿ. 120–140 ಗ್ರಾಂ. ಸಂಗ್ರಹ ಮಾಡೋರಿಗೆ ಅಂತ 180 ಗ್ರಾಂ ಮಾಡ್ತಾರೆ.”

“ಅಷ್ಟು ತೂಕದ ಬೆಳ್ಳಿ ತಂದಿದ್ರೆ ಒಂದು ತಟ್ಟೆ ಆಗ್ತಿತ್ತು,” ಅಂದರು ಅಮ್ಮ.

ಅಷ್ಟಾದರೂ ಈ ಆಲ್ಬಮ್ಮೇ ಯಾಕೆ ನಾಲ್ಕು? ಸೀನ ಸ್ವಲ್ಪ ನಾಚಿಕೊಂಡ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಪಿಕಡಿಲಿಯ ಸ್ಟುಡಿಯೋದಲ್ಲಿ ಅಭಿಮಾನಿಗಳನ್ನು ಕೂರಿಸಿ ಮೂರು ರಾತ್ರಿ ಹಾಡಿದ್ದು ಇದು. ಹಿಂದೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ಬೆಳಕಿಗೆ ತಂದ ಚಾಸ್ ಚಾಂಡ್ಲರ್ ಇದರ ನಿರ್ಮಾಪಕ. ಮೊದಲ ಬದಿಯ ಮೂರನೇ ಹಾಡು ‘ಡಾರ್ಲಿಂಗ್ ಬಿ ಹೋಮ್ ಸೂನ್’, ಜಾನ್ ಸೆಬಾಸ್ಟಿಯನ್ ಬರೆದ ಮೆಲು ಹಾಡು. ಗದ್ದಲವೆಲ್ಲ ನಿಂತು, ಹೋಲ್ಡರ್ ಮೃದುವಾಗಿ ಹಾಡುತ್ತಾನೆ. ಎಲ್ಲರ ಕಣ್ಣು ಒದ್ದೆಯಾಗುವ ಹೊತ್ತು. ಆಗ ಮೈಕಿಗೇ ಒಂದು ತೇಗು.

“ತೇಗಾ?” ವನಜ ಸೌಟು ಹಿಡಿದೇ ಹೊರಗೆ ಬಂದಳು.

“ತೇಗು. ತೆಗೀಲಿಲ್ಲ, ಹಾಗೇ ಬಿಟ್ರು. ಆಮೇಲೆ ಜನ ಕಛೇರಿಯಲ್ಲೂ ಅದನ್ನೇ ಕಾಯ್ತಿದ್ರಂತೆ. ಮೂರೂ ಪ್ರತಿಯಲ್ಲಿ ಆ ತೇಗು ಬೇರೆ ಬೇರೆ ಥರ ಕೇಳ್ಸುತ್ತೆ. ಜರ್ಮನ್ ಪ್ರತಿಯಲ್ಲಿ ಸ್ವಲ್ಪ ಗಂಭೀರ.”

“ಅಂದ್ರೆ ನೀವು ನಾಲ್ಕು ಸಲ ದುಡ್ಡು ಕೊಟ್ಟಿರೋದು ಒಬ್ಬ ಗಂಡಸಿನ ತೇಗಿಗೆ. ಈ ಮನೇಲಿ ದಿನಾ ಪುಕ್ಕಟೆ ಸಿಗುತ್ತಲ್ರೀ!”

ಡಾಕ್ಟರು ನಕ್ಕು ನಕ್ಕು ಭಜಿ ನೆತ್ತಿಗೇರಿಸಿಕೊಂಡರು. ನಾನು ಬೆನ್ನು ತಟ್ಟಿದೆ. ಈ ಗಲಾಟೆಯಲ್ಲಿ ಯಾರೂ ಕಿಟಕಿ ಕಡೆ ನೋಡಲಿಲ್ಲ. ಪರ್ ಅಂತ ಶಬ್ದವಾದಾಗಲೇ ತಿರುಗಿದ್ದು.

ಅಮ್ಮ ಪ್ಲಾಸ್ಟಿಕ್ ತೆಗೆದು, ನೀಟಾಗಿ ಮಡಚಿ, ಹೂಬತ್ತಿ ಡಬ್ಬದ ಪಕ್ಕ ಇಡುತ್ತಿದ್ದರು. “ನಿಮ್ಮ ಎಣ್ಣೆ ಕೈಯಲ್ಲಿ ಮುಟ್ಟಿ ಎಲ್ಲ ಜಿಡ್ಡಾಗಿತ್ತು ಕಣೋ. ಚೆನ್ನಾಗಿದೆ ಪ್ಲಾಸ್ಟಿಕ್ಕು, ಬತ್ತಿ ಸುತ್ತಿಡೋಕೆ ಆಗುತ್ತೆ.”

ಸೀನ ಸೋಫಾದ ಮೇಲೆ ಕುಸಿದ. ಡಾಕ್ಟರು ಅಭ್ಯಾಸಬಲದಿಂದ ಅವನ ನಾಡಿ ಹಿಡಿದರು. ಅಮ್ಮ ಅಷ್ಟರಲ್ಲಿ ತಟ್ಟೆಯನ್ನೂ ಹೊರಗೆಳೆದು ಬೆಳಕಿಗೆ ಹಿಡಿದಿದ್ದರು.

“ಬಣ್ಣ ಬಣ್ಣ ಅಂತಿದ್ಯಲ್ಲೋ. ದೋಸೆ ಕಾವಲಿ ಥರ ಇದೆ.”

ಕಪ್ಪು. ಎರಡೂ ಕಡೆ ಅಚ್ಚ ಕಪ್ಪು. ಚುಕ್ಕಿ ಇಲ್ಲ, ಎಳ್ಳು ಇಲ್ಲ. ಸ್ಟಿಕರ್ ಮಾತ್ರ ಬಣ್ಣ ಚಿಮುಕಿಸಿದ್ದು ಅನ್ನುತ್ತಿತ್ತು. ಯಾರೋ ಎಲ್ಲೋ ತುಂಬುವಾಗ ಅದಲು ಬದಲು ಮಾಡಿದ್ದರು. ಅಮ್ಮ ಬಿಚ್ಚದಿದ್ದರೆ ಸೀನ ಅದನ್ನು ಹಾಗೇ ಮೂವತ್ತು ವರ್ಷ ಪೂಜೆ ಮಾಡುತ್ತಿದ್ದ.

“ವಾಪಸ್ ಕಳಿಸಿ,” ಅಂದಳು ವನಜ.

ಸೀನನ ಮುಖ ನೋಡಬೇಕಿತ್ತು. ಮೊದಲು ಅಳು. ಆಮೇಲೆ ಏನೋ ಹೊಳೆದು, ಹೋಲ್ಡರನ ಟೋಪಿಯ ಹಾಗೆ ಮಿಂಚತೊಡಗಿತು. “ಬಣ್ಣದ ಕವರಿನಲ್ಲಿ ಕಪ್ಪು ರೆಕಾರ್ಡು! ಇದು ತಪ್ಪು ಪ್ರತಿ ಕಣ್ರೋ! ಎಷ್ಟು ಜನರ ಹತ್ರ ಇರುತ್ತೆ ಹೇಳಿ? ಇದನ್ನ ಕೊಡಲ್ಲ. ಬಣ್ಣದ್ದು ಬೇರೆ ತರಿಸ್ತೀನಿ.”

“ಐದು,” ಅಂದರು ಡಾಕ್ಟರು, ಅವನ ಕೈ ಬಿಡದೆ.

ಹೇಗೂ ಬಿಚ್ಚಿಯಾಯಿತು, ಹಾಕೇಬಿಡು ಅಂದೆವು. ಸೀನ ಬ್ರಷ್ಷಿನಿಂದ ಧೂಳು ತೆಗೆದು ಮುಳ್ಳು ಇಳಿಸಿದ. ಎರಡು ಹಾಡು ಗೋಡೆ ನಡುಗಿಸಿದವು. ಮೂರನೆಯದು ಶುರುವಾಯಿತು. ವನಜ ಒಲೆ ಆರಿಸಿ ಬಂದು ನಿಂತಳು. ಡಾಕ್ಟರು ಕಣ್ಣು ಮುಚ್ಚಿದರು. ಹಾಡು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ಹೊರಗಿನ ಮಳೆಯೂ ಕೇಳುವಷ್ಟು. ಎಲ್ಲರೂ ಉಸಿರು ಬಿಗಿಹಿಡಿದೆವು.

ಬಂತು.

ಅಮ್ಮ ಹೂಬತ್ತಿ ಕೆಳಗಿಟ್ಟರು. “ಪಾಪ, ಅಜೀರ್ಣ. ಅದಕ್ಕೇ ಆಗಿಂದ ಓಮ ಓಮ ಅಂತಿದೆ ಅದು. ವನಜಾ, ಒಂದು ಚಿಟಿಕೆ ಓಮ, ಒಂದು ಹರಳು ಉಪ್ಪು ತಗೊಂಡು ಬಾಮ್ಮಾ. ಡಾಕ್ಟ್ರಿಗೂ ಸೇರಿಸಿ ತಾ, ಹದಿನಾಲ್ಕು ಬಜ್ಜಿ ತಿಂದಿದ್ದಾರೆ.”